ಬೀಟೆ ತಟ್ಟೆಯ ಒರಟು ಅಂಚು

“ನಡುವೆ ಇಷ್ಟು ನುಣುಪು ಮಾಡಿ, ಅಂಚನ್ನ ಯಾಕೆ ಹೀಗೆ ಗೀರಿ ಗೀರಿ ಹಾಳು ಮಾಡಿದ್ರಿ?” ಹಗ್ಗ ಎಳೆಯುತ್ತಲೇ ಗೋದಾವರಿ ಕೇಳಿದಳು.

“ಹಾಳಲ್ಲ ಮಾರಾಯ್ತಿ. ನುಣುಪು ಗೊತ್ತಾಗ್ಬೇಕಾದ್ರೆ ಪಕ್ಕದಲ್ಲಿ ಒರಟು ಬೇಕು.” ವಿಘ್ನೇಶ್ವರ ಓರೆಗಣ್ಣಿನಲ್ಲಿ ನೋಡಿದ. “ನಿನ್ನ ಮುಖ ನೋಡಿ, ಆಮೇಲೆ ನಿನ್ನ ಬಾಯಿ ಕೇಳಿದ ಹಾಗೆ.”

ಅವಳು ಕಾಲಿನಲ್ಲೇ ಒಂದಿಷ್ಟು ಮರದ ಹೊಟ್ಟನ್ನು ಅವನ ಕಡೆ ಒದ್ದಳು. ನಗು ಮಾತ್ರ ತಡೆಯಲಾಗಲಿಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿ. ಕೊಪ್ಪದಲ್ಲಿ ಮರ ಕಡೆಯುವ ಕೊಟ್ಟಿಗೆ ಅವಳ ಅಣ್ಣ ನಾಗಪ್ಪನದು. ವಿಘ್ನೇಶ್ವರ ಅಲ್ಲಿ ಕೆಲಸಕ್ಕಿದ್ದ ಶೃಂಗೇರಿಯ ಹುಡುಗ. ಹಗ್ಗ ಸುತ್ತಿದ, ತಿರುಗುವ ದಿಂಡಿಗೆ ಬೀಟೆ ಮರದ ಹಲಗೆ ಸಿಕ್ಕಿಸಿ, ಅವಳು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಎಳೆಯಬೇಕು. ಬಲಕ್ಕೆ ಎಳೆದಾಗ ಅವನು ಉಳಿ ತಾಗಿಸಬೇಕು, ಎಡಕ್ಕೆ ಎಳೆದಾಗ ಎತ್ತಬೇಕು. ಚೂರು ತಪ್ಪಿದರೂ ಉಳಿ ಕಚ್ಚಿಕೊಂಡು ಮರ ಮುಖಕ್ಕೇ ಹಾರುತ್ತದೆ. ಎರಡು ವರ್ಷದಲ್ಲಿ ಇಬ್ಬರೂ ಒಮ್ಮೆಯೂ ತಪ್ಪಿರಲಿಲ್ಲ. ಇಷ್ಟಾದರೂ ಈ ಮನುಷ್ಯ ಬಾಯಿಬಿಟ್ಟು ಇಷ್ಟ ಅಂತ ಒಂದು ಮಾತು ಹೇಳಿಲ್ಲವಲ್ಲ ಎಂದು ಗೋದಾವರಿಗೆ ಮೈಯೆಲ್ಲ ಉರಿ.

“ಆ ತಟ್ಟೆ ಯಾರಿಗೆ ಗೊತ್ತೇನೋ?”

ಬಾಗಿಲಲ್ಲಿ ನಾಗಪ್ಪ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಇವಳ ನಿಶ್ಚಯದ ತಾಂಬೂಲಕ್ಕೆ. ನಾಳೆ ಸೀತೂರಿನವರು ಬರ್ತಾರೆ.”

ಗೋದಾವರಿಯ ಕೈಯಿಂದ ಹಗ್ಗ ಜಾರಿತು. ಅಷ್ಟರಲ್ಲಿ ನಾಗಪ್ಪ ವಿಘ್ನೇಶ್ವರನ ಎದೆಗೆ ಒದ್ದಿದ್ದ. ದಿಂಡಿನಿಂದ ಕಳಚಿದ ತಟ್ಟೆ ಕಲ್ಲಿಗೆ ಬಡಿದು ಎರಡು ಹೋಳಾಯಿತು. ವಿಘ್ನೇಶ್ವರ ಎದ್ದವನೇ ಗುದ್ದಿದ. ನಾಗಪ್ಪನ ತುಟಿ ಒಡೆದು ರಕ್ತ ಬಂತು. ಅದನ್ನು ಉಗಿದು ಅವನು ಗೋಡೆಗೆ ಸಿಕ್ಕಿಸಿದ್ದ ಮರ ಕೆತ್ತುವ ಬಾಚಿ ಕಿತ್ತುಕೊಂಡ.

“ಇವಳ ಮೇಲೆ ಆಸೆ ಇಲ್ಲ ಅಂತ ಹೇಳು. ಬೆರಳು ಉಳೀತಾವೆ.”

ಗೋದಾವರಿ ವಿಘ್ನೇಶ್ವರನನ್ನೇ ನೋಡಿದಳು. ಇಲ್ಲ ಎಂದರೆ ಅಣ್ಣನಿಗಿಂತ ಮೊದಲು ತಾನೇ ಇವನನ್ನು ಕೊಲ್ಲುವವಳಿದ್ದಳು.

ವಿಘ್ನೇಶ್ವರ ಬಲಗೈಯನ್ನು ಮರದ ದಿಮ್ಮಿಯ ಮೇಲೆ ಇಟ್ಟ.

“ಆಸೆ ಇದೆ ನಾಗಪ್ಪಣ್ಣ. ಇವಳು ಹಗ್ಗ ಹಿಡಿದ ದಿನದಿಂದ ಇದೆ. ಕಡಿ.”

ಉಳಿ ಹಿಡಿದು ಬದುಕುವವನು ಇನ್ನೊಬ್ಬ ಕಸಬುದಾರನ ಕೈ ಕಡಿಯಲಾರ ಎಂದು ಅವನು ನಂಬಿದ್ದ. ಆ ನಂಬಿಕೆ ತಪ್ಪಾಗಿತ್ತು. ಬಾಚಿ ಬಿತ್ತು. ಎರಡು ಬೆರಳು ಹೋದವು.

ಗೋದಾವರಿ ನುಗ್ಗಿದಳು. ಉಳಿ ಹೊಡೆಯುವ ಮರದ ಕೊಡತಿ ಎತ್ತಿ ಅಣ್ಣನ ಮೊಣಕೈಗೆ ಬಲವಾಗಿ ಬಡಿದಳು. ಮೂಳೆ ಮುರಿದ ಸದ್ದು ಮೂವರಿಗೂ ಕೇಳಿತು. ನಾಗಪ್ಪ ಹೊಟ್ಟಿನ ರಾಶಿಯ ಮೇಲೆ ಕುಸಿದ. ಅವಳು ಸೆರಗು ಹರಿದು ವಿಘ್ನೇಶ್ವರನ ಕೈಗೆ ಬಿಗಿಯಾಗಿ ಸುತ್ತಿ, ಅವನನ್ನು ಎಳೆದುಕೊಂಡೇ ಶೃಂಗೇರಿಯ ದಾರಿ ಹಿಡಿದಳು.

“ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತಾ? ಅದೂ ನನಗಲ್ಲ, ನಮ್ಮ ಅಣ್ಣಂಗೆ!” ಅಳುತ್ತಲೇ ಬೈದಳು.

ಅವನ ಮುಖ ಬಿಳಿಚಿತ್ತು. “ಈ ಕೈಲಿ ಇನ್ನು ಉಳಿ ನಿಲ್ಲಲ್ಲ ಗೋದಾವರಿ. ನನ್ನ ಕಟ್ಟಿಕೊಂಡು ಎಂತ ಮಾಡ್ತೀಯ? ಮನೆಗೆ ಹೋಗು.”

“ಇನ್ನೊಂದ್ ಸಲ ಹಂಗಂದ್ರೆ ನೋಡಿ, ಕೊಡತಿ ಕೈಲೇ ಇದೆ.”

ನಿಜಕ್ಕೂ ಇತ್ತು. ಅದನ್ನು ನೋಡಿ ಅವನು ಆ ನೋವಿನಲ್ಲೂ ನಕ್ಕ.

“ಶೃಂಗೇರಿಲಿ ನಿಮ್ಮ ಅಪ್ಪ ಮರ ಕಡೀತಿದ್ದ ಜಾಗ ಇದೆಯಲ್ಲ?” ಎಂದಳು ಅವಳು. “ಮಣಿಕಟ್ಟಿಗೆ ಸುತ್ತಿಕೊಂಡ್ರೆ ನೀವು ಹಗ್ಗ ಎಳೀಬಹುದು. ಉಳಿ ನಾನು ಹಿಡೀತೀನಿ.”

ಅವರ ಕಸಬಿನಲ್ಲಿ ಹೆಂಗಸರು ಉಳಿ ಮುಟ್ಟಿದ್ದೇ ಇಲ್ಲ. ಅವನು ನಡೆಯುವುದನ್ನು ನಿಲ್ಲಿಸಿದ.

“ನಾನು ತಪ್ಪಿ ಎಳೆದ್ರೆ ಮರ ನಿನ್ನ ಮುಖ ಒಡೆಯತ್ತೆ.”

“ಒಡೆದ್ರೆ ಒಡೀಲಿ. ಒಡೆದ ಮುಖದವಳು ಬೇಕೋ ಬೇಡ್ವೋ, ಅದನ್ನ ಹೇಳಿ.”

ಅವನು ಎಡಗೈಯಿಂದ ಅವಳ ಕೆನ್ನೆಯ ಮೇಲಿದ್ದ ರಕ್ತ ಒರೆಸಿದ. ಅದು ಅವನದೇ ರಕ್ತ.

“ಬೇಕು,” ಎಂದ. ಈ ಸಲ ಅವಳಿಗೇ ಹೇಳಿದ.