ಜಂಜಡಾಸುರನ ಇಳಿಜಾರು ಹಲಗೆ

ಬಹಳ ಹಿಂದೆ, ಗೆಜ್ಜೆನಾಡು ಎಂಬ ರಾಜ್ಯದಲ್ಲಿ ಜಂಜಡಾಸುರನೆಂಬ ಡೊಳ್ಳುಹೊಟ್ಟೆಯ ಮಾಂತ್ರಿಕನಿದ್ದ. ಹೆಸರಿಗೆ ತಕ್ಕ ಆಸಾಮಿ. ಅವನ ಅರಮನೆಯಲ್ಲಿ ಕಣದಷ್ಟು ದೊಡ್ಡದೊಂದು ಇಳಿಜಾರು ಹಲಗೆ. ಅದರ ಮೇಲೆ ಮೂರು ಗಂಟೆ, ಮುಟ್ಟಿದ್ದನ್ನೆಲ್ಲ ಒದ್ದು ಕಳಿಸುವ ಮಾಯಾ ಅಣಬೆಗಳು, ಕೆಳತುದಿಯಲ್ಲಿ ಪಾತಾಳದ ಬಾವಿ. ಬಾವಿಯ ಅತ್ತಿತ್ತ ಎರಡು ಮರದ ರೆಕ್ಕೆ. ಹೊರಗಿನ ಗುಂಡಿ ಒತ್ತಿದರೆ ಅವು ಬಡಿಯುತ್ತಿದ್ದವು.

ಮೂರು ಉಕ್ಕಿನ ಚೆಂಡುಗಳಲ್ಲಿ ಮೂರೂ ಗಂಟೆ ಬಾರಿಸಿದವರು ಕೇಳಿದ್ದನ್ನು ಒಯ್ಯಬಹುದು. ಹಲಗೆಯನ್ನು ಮಾತ್ರ ಅಲುಗಿಸಬಾರದು. ಅದರಡಿ ಕಬ್ಬಿಣದ ಬಳೆಯೊಳಗೆ ತೂಗುಗುಂಡೊಂದು ನೇತಾಡುತ್ತಿತ್ತು. ಅದು ಬಳೆಗೆ ತಾಗಿತೋ, ದೀಪವೆಲ್ಲ ಆರಿ, ಅಲುಗಿಸಿದವರೇ ಚೆಂಡಾಗುತ್ತಿದ್ದರು.

ಸಿರಿಯವ್ವ ಎಂಬ ಹೆಣ್ಣುಮಗಳ ತಮ್ಮ ಕೆಂಚ ಹಾಗೇ ಚೆಂಡಾಗಿದ್ದ. ಮೂಗಿನ ತುದಿಯಲ್ಲೇ ಸಿಟ್ಟು ಅವನಿಗೆ. ಸೋತದ್ದಕ್ಕೆ ಹಲಗೆಗೆ ಒದ್ದಿದ್ದ. ಅವನನ್ನು ಬಿಡಿಸಲು ಸಿರಿಯವ್ವ ಬಂದಳು.

“ಮೊದಲೆರಡು ಬರೀ ಉಕ್ಕು. ಮೂರನೆಯದು ನಿನ್ನ ತಮ್ಮ,” ಎಂದ ಮಾಂತ್ರಿಕ. “ಬಾವಿಗೆ ಬಿದ್ದರೆ ಮತ್ತೆ ಸಿಗೋದಿಲ್ಲ, ತಾಯಿ.”

“ಆಗಲಿ. ಚೆಂಡು ಬಿಡಿ,” ಎಂದಳು.

ಮೊದಲ ಚೆಂಡು ಒಂದು ಗಂಟೆ ಬಾರಿಸಿ ಬಂತು. ಗಾಬರಿಯಲ್ಲಿ ಎರಡೂ ರೆಕ್ಕೆ ಒಟ್ಟಿಗೆ ಬಡಿದಳು. ಚೆಂಡು ನಡುವೆ ನುಸುಳಿ ಬಾವಿಗೆ ಬಿತ್ತು.

ಎರಡನೆಯದು ಬಂದಾಗ ರೆಕ್ಕೆಯನ್ನು ಎತ್ತಿ ಹಿಡಿದಳು. ಚೆಂಡು ಅದರ ಬುಡದಲ್ಲಿ ತಣ್ಣಗೆ ಕೂತಿತು. ಗುರಿ ನೋಡಿ ಹೊಡೆದಳು. ಎರಡನೇ ಗಂಟೆ ಬಾರಿಸಿತು. ಹಿಂದಿರುಗುವಾಗ ಅಣಬೆ ಒದ್ದು ಅದನ್ನೂ ಬಾವಿಗೆ ತಳ್ಳಿತು.

ಮೂರನೆಯವನು ಕೆಂಚ. ಒದೆ ತಿಂದು ತಿಂದು ಉರುಳಿ ಬಂದ. ಸಿರಿಯವ್ವ ರೆಕ್ಕೆ ಎತ್ತಿ ಅವನನ್ನು ಹಿಡಿದಳು. ಅವಳಿಗೆ ಬಹಳ ಭಯವಾಯಿತು.

“ಹೆದರಬೇಡ ಕಣೋ,” ಎಂದು ಹೊಡೆದಳು.

ಚೆಂಡು ನೇರ ಗಂಟೆಯತ್ತಲೇ ಹೊರಟಿತು. ಸೋಲುತ್ತೇನೆಂದು ಮಾಂತ್ರಿಕನಿಗೆ ಸಿಟ್ಟು ತಡೆಯಲಾಗಲಿಲ್ಲ. ಹಲಗೆಯ ಕಾಲಿಗೆ ಜಾಡಿಸಿ ಒದ್ದ. ಗುರಿ ತಪ್ಪಿತು. ಅಡಿಯಲ್ಲಿ ಗುಂಡು ಬಳೆಗೆ ತಾಗಿ ಠಣ್ ಎಂದಿತು.

ದೀಪಗಳು ಆರಿದವು, ರೆಕ್ಕೆಗಳು ಸತ್ತವು. ಕೆಂಚ ಬಾವಿಯತ್ತ ಉರುಳತೊಡಗಿದ. ಸಿರಿಯವ್ವ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ರೆಕ್ಕೆ ಮಿಸುಕಲಿಲ್ಲ.

ಆದರೆ ಈ ಸಲ ಅಲುಗಿಸಿದವನು ಯಾರು? ಮಾಡಿದ್ದುಣ್ಣೋ ಮಹರಾಯ! ಜಂಜಡಾಸುರನೇ ದಪ್ಪನೆಯ ಚೆಂಡಾಗಿ ಹಲಗೆಗೆ ಬಿದ್ದ, ದಡದಡ ಉರುಳಿದ, ಹೊಟ್ಟೆಯ ದೆಸೆಯಿಂದ ಬಾವಿಯ ಬಾಯಲ್ಲೇ ಸಿಕ್ಕಿಕೊಂಡ. ಹಿಂದೆಯೇ ಬಂದ ಕೆಂಚ ಅವನಿಗೆ ಟಕ್ಕನೆ ತಾಗಿ ನಿಂತ.

ಮಾಂತ್ರಿಕನೇ ಚೆಂಡಾದ ಮೇಲೆ ಅವನ ಮಾಯೆ ಕಳಚಿತು. ಕೆಂಚನೂ ಅವನಂತೆ ಹಿಂದೆ ಚೆಂಡಾಗಿದ್ದವರೂ ಮನುಷ್ಯರಾಗಿ ಎದ್ದರು.

“ಅಕ್ಕಾ, ತಲೆ ಗಿರ್ರಂತಿದೆ,” ಎಂದ ಕೆಂಚ.

ಸಿರಿಯವ್ವನಿಗೆ ಹೋದ ಜೀವ ಬಂದ ಹಾಗಾಯಿತು. ಅಳುತ್ತಲೇ ನಕ್ಕಳು.

ಕೆಂಚನಿಗೆ ಸಿಟ್ಟು ಬರುವುದೇನೂ ನಿಲ್ಲಲಿಲ್ಲ. ಆದರೆ ಒದೆಯಲು ಕಾಲೆತ್ತಿದಾಗೆಲ್ಲ ಅಕ್ಕ “ಠಣ್” ಎನ್ನುತ್ತಿದ್ದಳು, ಅವನು ಕಾಲಿಳಿಸುತ್ತಿದ್ದ. ಅವರ ಮನೆ ತಣ್ಣಗಿತ್ತು. ನಮ್ಮ ಮನೆಯೂ ತಣ್ಣಗಿರಲಿ.