ಹಗ್ಗದ ಮೇಲಿನ ಒದ್ದೆ ಅಂಗಿ

"ಆ ಅಂಗಿ ಮುಟ್ಟಿದ್ರೆ ಕೈ ಮುರೀತೀನಿ ನೋಡು."

ಅಡುಗೆಮನೆಯ ಬಾಗಿಲಿನಿಂದ ಬಂದ ಅತ್ತೆಯ ದನಿಗೆ ಸೊಸೆಯ ಕೈ ಹಗ್ಗದ ಮೇಲೆಯೇ ನಿಂತುಬಿಟ್ಟಿತು. ಒಂದು ಕೈಯಲ್ಲಿ ಕಚೇರಿಯಿಂದ ಬಂದ ಕಾಗದ, ಇನ್ನೊಂದು ಕೈಯಲ್ಲಿ ಆಗತಾನೇ ಬಿಚ್ಚಿದ ಕ್ಲಿಪ್ಪು. ಮೂರನೇ ಮಹಡಿಯ ಆ ಪುಟ್ಟ ಬಾಲ್ಕನಿಯಲ್ಲಿ ಗಂಡಸಿನ ನೀಲಿ ಚೌಕುಳಿ ಅಂಗಿಯೊಂದು ತೂಗುತ್ತಿತ್ತು. ಅದರ ತೋಳಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಈ ಅಂಗಿಯಿಂದಲೇ ಅತ್ತೆ ನಾವು ಬೀದಿಗೆ ಬೀಳ್ತಿರೋದು..." ಎಂದು ಸೊಸೆ ಕಾಗದವನ್ನು ಮುಂದೆ ಹಿಡಿದಳು. ಅತ್ತೆ ಕಣ್ಣೆತ್ತಿಯೂ ನೋಡಲಿಲ್ಲ.

ಕಾಗದದಲ್ಲಿದ್ದದ್ದು ನಾಲ್ಕೇ ಸಾಲು. ನಿರಾಶ್ರಿತರೆಂದು ಈ ಕುಟುಂಬಕ್ಕೆ ಸರ್ಕಾರ ಕೊಡುತ್ತಿದ್ದ ಜೀವನ ಭತ್ಯೆ, ಮನೆ ಬಾಡಿಗೆಗೆ ಹಾಕುತ್ತಿದ್ದ ಪಾಲು, ಎರಡೂ ಮುಂದಿನ ತಿಂಗಳಿನಿಂದ ಬಂದ್. ದುಡಿಯುವ ಗಂಡಸೊಬ್ಬ ಮನೆಯಲ್ಲಿದ್ದೂ ಅದನ್ನು ಮುಚ್ಚಿಟ್ಟಿದ್ದಾರೆ ಎಂಬುದು ಕಾರಣ. ಸಾಕ್ಷಿ ಎರಡು: ಮನೆಯ ಹಿರಿಯ ಹೆಂಗಸಿನ ಬಾಯಿಮಾತು, ಮತ್ತು ಹಗ್ಗದ ಮೇಲಿನ ಒದ್ದೆ ಅಂಗಿ. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು.

ಪಾಪ, ಕಚೇರಿಯವರು ಕಂಡದ್ದನ್ನೇ ಬರೆದಿದ್ದರು. ಕಾಣದ್ದನ್ನು ಅವರಿಗೆ ಹೇಳುವವರು ಯಾರು?

ಯುದ್ಧದ ತಿಂಗಳುಗಳಲ್ಲಿ ಇವರ ಊರಿನ ಹೆಂಗಸರೆಲ್ಲ ಒಂದು ಪಾಠ ಕಲಿತಿದ್ದರು. ಗಂಡಸಿರುವ ಮನೆಯ ಬಾಗಿಲನ್ನು ಬಂದೂಕಿನವರು ತಟ್ಟುತ್ತಾರೆ, ಗಂಡಸಿಲ್ಲದ ಮನೆಯದನ್ನು ಒದೆಯುತ್ತಾರೆ. ಅದಕ್ಕೇ ವ್ಯಾನ್ ಓಡಿಸುತ್ತಿದ್ದ ಅತ್ತೆಯ ಮಗ ಹೊರಗೆ ಹೊರಡುವಾಗಲೆಲ್ಲ ತನ್ನದೊಂದು ಅಂಗಿಯನ್ನು ನೆನೆಸಿ ಹಗ್ಗಕ್ಕೆ ಹಾಕಿ ಹೋಗುತ್ತಿದ್ದ. ಒಣಗಿದ ಅಂಗಿ ಕಂಡರೆ ಹೋದವನು ಅಂತಾರೆ, ಒದ್ದೆ ಅಂಗಿ ಕಂಡರೆ ಇಲ್ಲೇ ಎಲ್ಲೋ ಇದ್ದಾನೆ ಅಂತಾರೆ ಎಂಬುದು ಅವನ ಲೆಕ್ಕ. ಆ ಲೆಕ್ಕ ಮೂರು ಸಲ ಈ ಮನೆಯವರ ಮಾನ ಪ್ರಾಣ ಎರಡನ್ನೂ ಉಳಿಸಿತ್ತು. ಕೊನೆಗೆ ಅವನೇ ಇವರನ್ನು ಗಡಿಯ ಸೇತುವೆ ದಾಟಿಸಿದ. ಆಚೆ ಉಳಿದಿದ್ದ ಇನ್ನೊಂದಷ್ಟು ಜನರನ್ನು ತರುತ್ತೇನೆಂದು ವ್ಯಾನ್ ತಿರುಗಿಸುವಾಗ, ಮೈಮೇಲಿದ್ದ ಅಂಗಿ ಬಿಚ್ಚಿ ತಾಯಿಯ ಕೈಗೆ ಕೊಟ್ಟ.

"ಯಾರೇ ಕೇಳಲಿ, ಮಗ ಕೆಲಸಕ್ಕೆ ಹೋಗಿದ್ದಾನೆ, ಈಗ ಬರ್ತಾನೆ ಅನ್ನು. ನಾನು ಬರೋವರೆಗೂ ಇದನ್ನ ಒಣಗೋಕೆ ಬಿಡಬೇಡ ಅಮ್ಮ."

ಅದಾಗಿ ಎರಡು ವರ್ಷ. ಸುದ್ದಿಯೂ ಇಲ್ಲ, ಹೆಣವೂ ಇಲ್ಲ. ತಾಯಿ ಮಾತ್ರ ಅಂಗಿಯನ್ನು ಒಣಗಲು ಬಿಟ್ಟಿರಲಿಲ್ಲ.

ಆಕೆ ಊರಿನಲ್ಲಿ ಸೂಲಗಿತ್ತಿ. ಹೆರುವವರನ್ನು ಮೂವತ್ತು ವರ್ಷ ಗದರಿಸಿ ಗದರಿಸಿ ದನಿಯೇ ಹಾಗಾಗಿಹೋಗಿತ್ತು. ಕಟ್ಟಡದವರು ಬೆನ್ನ ಹಿಂದೆ ಸುಬೇದಾರಮ್ಮ ಎನ್ನುತ್ತಿದ್ದರು. ಆ ಗದರಿಕೆಯೆಲ್ಲ ಈಗ ಸೊಸೆಯ ಪಾಲಿಗೆ. ಹೋಗಬೇಡಿ ಅಂತ ಒಂದು ಮಾತು ಗಂಡನಿಗೆ ಹೇಳಲಾಗದ ನಾಲಿಗೆ ನಿನ್ನದು ಎಂದು ಉಣ್ಣುವ ತಟ್ಟೆಯ ಮುಂದೆ ಅನ್ನುತ್ತಿದ್ದಳು. ಊರಿನಲ್ಲಿ ದರ್ಜಿ ಕೆಲಸ ಮಾಡಿಕೊಂಡಿದ್ದ ಸೊಸೆ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಅವಳಿಗಿನ್ನೂ ಇಲ್ಲಿ ದುಡಿಯಲು ಪರವಾನಗಿ ಸಿಕ್ಕಿರಲಿಲ್ಲ. ಮೂರು ಹೊಟ್ಟೆಗೂ ತಲೆಯ ಮೇಲಿನ ಸೂರಿಗೂ ಆ ಭತ್ಯೆಯೇ ಆಧಾರ.

ಹೋದ ತಿಂಗಳು ಭತ್ಯೆ ಕಚೇರಿಯ ತಪಾಸಣೆಯವಳು ಬಂದಾಗ ಸೊಸೆ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ಬಾಗಿಲು ತೆರೆದರೆ ಎದೆಗೆ ಬಿಲ್ಲೆ, ಕಂಕುಳಲ್ಲಿ ಫೈಲು. ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರಾ ಎಂದು ಅವಳು ಕೇಳಿದ್ದೇ ತಡ, ಮುದುಕಿಯ ಕಣ್ಣಿಗೆ ಊರಿನ ಬಂದೂಕಿನವರೇ ಬಂದು ನಿಂತರು. ಮಗ ಹೇಳಿಕೊಟ್ಟದ್ದನ್ನೇ ಹೇಳಿದಳು. ಮಗ ಕೆಲಸಕ್ಕೆ ಹೋಗಿದ್ದಾನೆ, ಈಗ ಬರ್ತಾನೆ! ತಪಾಸಣೆಯವಳು ಬಾಲ್ಕನಿಗೆ ಹೋಗಿ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಂಡಿ ನೋಡಿ, ಏನೋ ಬರೆದುಕೊಂಡು ಹೋದಳು. ಬಂದಿದ್ದಳು ಒಬ್ಬಳು, ಸರಿಯಾಗಿ ಕಳಿಸಿದೆ ಎಂದು ಸಂಜೆ ಮುದುಕಿ ಸೊಸೆಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಈ ಎರಡು ಕೋಣೆ ಹೋದರೆ ಉಳಿದದ್ದು ಊರಾಚೆಯ ನಿರಾಶ್ರಿತರ ಶೆಡ್ಡು. ಬಂದ ಹೊಸದರಲ್ಲಿ ಅಲ್ಲೇ ಇದ್ದರು. ಸಂಸಾರ ಸಂಸಾರದ ನಡುವೆ ಒಂದು ಪರದೆ, ಕೆಳಗೆ ಸಿಮೆಂಟು, ಗೋಡೆಯ ತುಂಬ ಬೂಷ್ಟು. ಏಳು ವರ್ಷದ ಮಗಳಿಗೆ ಉಬ್ಬಸ ಅಂಟಿದ್ದು ಅಲ್ಲಿಯೇ. ಇನ್ನೊಂದು ಚಳಿಗಾಲ ಆ ತೇವದಲ್ಲಿ ಕಳೆದರೆ ಈ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಚಳಿಗಾಲಕ್ಕೆ ಉಳಿದದ್ದು ಇಪ್ಪತ್ತೇ ದಿನ.

ಸೊಸೆ ಕಚೇರಿಗೆ ಅಲೆದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕೌಂಟರಿನ ಹೆಂಗಸು ಕೆಟ್ಟವಳೇನಲ್ಲ, ಕೂರಿಸಿ ನೀರು ಕೊಟ್ಟೇ ಮಾತಾಡಿಸಿದಳು. ಹೇಳಿಕೆ ಕೊಟ್ಟವರೇ ಬಂದು ತಿದ್ದುಪಡಿ ಫಾರಂಗೆ ಸಹಿ ಹಾಕಬೇಕು, ಅದರಲ್ಲಿ ಮೂರು ಚೌಕ ಇವೆ ಎಂದಳು. ಒಂದು, ಗಂಡಸು ಈ ಮನೆಯಲ್ಲಿದ್ದಾರೆ. ಎರಡು, ಬೇರೆಡೆ ಇದ್ದಾರೆ, ಹಾಗಾದರೆ ವಿಳಾಸ, ಸಂಬಳ ಬರೆಯಬೇಕು. ಮೂರು, ಬದುಕಿಲ್ಲ. ನಮಗೆ ಗೊತ್ತಿಲ್ಲವಲ್ಲ ಎಂದು ಸೊಸೆ ಗೋಗರೆದಳು. ಗೊತ್ತಿಲ್ಲ ಅನ್ನೋದಕ್ಕೆ ಜಾಗವೇ ಇಲ್ಲಮ್ಮ ಎಂದು ಆಕೆ ಕಂಪ್ಯೂಟರಿನ ಪರದೆಯನ್ನೇ ತಿರುಗಿಸಿ ತೋರಿಸಿದಳು.

ಇದನ್ನೆಲ್ಲ ಕೇಳಿಸಿಕೊಂಡ ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿದಳು.

"ಅಂದ್ರೆ ನನ್ನ ಮಗನ್ನ ನಾನೇ ಕೊಂದು, ಆ ದುಡ್ಡಲ್ಲಿ ಉಣ್ಣಬೇಕಾ? ನಿನಗೇನು, ಇವನಿಲ್ಲದಿದ್ರೆ ಇನ್ನೊಬ್ಬ."

ಎರಡು ವರ್ಷ ನುಂಗಿಕೊಂಡದ್ದನ್ನೆಲ್ಲ ಸೊಸೆ ಆಡಿಬಿಟ್ಟಳು.

"ಅವರು ನಿಮಗೊಬ್ಬರಿಗೇ ಸೇರಿದವರು ಅಂದ್ಕೊಂಡಿದ್ದೀರಾ ಅತ್ತೆ? ನೀವು ಒಗೆದು ಒಗೆದು ಆ ಅಂಗಿ ಜಾಲರಿ ಆಗಿದೆ. ಅದು ಹರೀದೆ ಇರ್ಲಿ ಅಂತ ನೀವು ಮಲಗಿದಾಗೆಲ್ಲ ಒಳಗಡೆಯಿಂದ ತೇಪೆ ಹಾಕ್ತಿರೋಳು ನಾನು. ನನ್ನ ಸಹಿಗೆ ಈ ಕೆಲಸ ಆಗೋ ಹಾಗಿದ್ರೆ ನಿಮಗೆ ಹೇಳದೇ ಹಾಕಿ ಬರ್ತಿದ್ದೆ... ಪಾಪ ನನ್ನ ತಲೆ ಮೇಲೇ ಇರ್ಲಿ ಅಂತ. ಅವರು ನಿಮ್ಮದನ್ನೇ ಕೇಳ್ತಿದ್ದಾರೆ."

ಅತ್ತೆ ಬಾಲ್ಕನಿಗೆ ಹೋಗಿ ಅಂಗಿಯನ್ನು ಮಗುಚಿ ನೋಡಿದಳು. ತೋಳಿನ ಒಳಗೆ, ಬೆನ್ನಿನ ಒಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹೊಲಿಗೆಗಳು. ಅವಳು ಆ ದಿನ ಉಣ್ಣಲಿಲ್ಲ, ಮಾರನೆಯ ದಿನವೂ ಉಣ್ಣಲಿಲ್ಲ. ಸಹಿ ಹಾಕುತ್ತೇನೆ ಎಂದೂ ಹೇಳಲಿಲ್ಲ.

ಮೂರನೇ ದಿನ ಮನೆಯ ಓನರು ಹೊಸ ಬಾಡಿಗೆಯವರನ್ನು ಕರೆತಂದು ಕೋಣೆ ತೋರಿಸಿದ. ಬಂದವರು ಮಗುವಿನ ಮಂಚದ ಜಾಗದಲ್ಲಿ ಬೀರು ಹಿಡಿಯುತ್ತದೆಯೇ ಎಂದು ಗೇಣು ಹಾಕಿ ಅಳೆದರು. ಅವರು ಹೋದ ಮೇಲೆ ಮೊಮ್ಮಗಳು ಕಾಣಲಿಲ್ಲ. ಅಜ್ಜಿ ಹುಡುಕಿದರೆ ಬಚ್ಚಲಲ್ಲಿ ಬಾಯಿಗೆ ಟವೆಲು ತುರುಕಿಕೊಂಡು ಕೂತಿದ್ದಳು. ಮುಖ ಕಪ್ಪಿಟ್ಟಿತ್ತು. ಟವೆಲು ಕಿತ್ತೆಸೆದು ಬೆನ್ನು ತಿಕ್ಕಿ ಉಸಿರು ಮರಳಿಸುವಷ್ಟರಲ್ಲಿ ಹಳೆಯ ಸೂಲಗಿತ್ತಿಯ ಉಸಿರೇ ಹೋದಂತಾಯಿತು.

"ಯಾಕೆ ಮರಿ ಹೀಗೆ ಮಾಡ್ಕೊಂಡೆ?"

"ನಾನು ಕೆಮ್ಮೋದು ಬಿಟ್ಟುಬಿಡ್ತೀನಿ ಅಜ್ಜಿ. ನೀವು ಅಪ್ಪನ್ನ ಸಾಯಿಸಬೇಡಿ."

ಅಜ್ಜಿ ಆ ಒದ್ದೆ ನೆಲದ ಮೇಲೆಯೇ ಕೂತು ಮೊಮ್ಮಗಳನ್ನು ತಬ್ಬಿಕೊಂಡಳು. ಆಮೇಲೆ ಎದ್ದು ಬಂದು, ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಹೇಳಿದಳು.

"ಎರಡು ಜೀವದಲ್ಲಿ ಒಂದೇ ಉಳಿಯೋದು ಅಂದಾಗ ಸೂಲಗಿತ್ತಿ ಕೈ ನಡುಗಬಾರದು. ನಡಿ, ಎಲ್ಲಿದೆ ಆ ಕಚೇರಿ."

ಕೌಂಟರಿನ ಮುಂದೆ ಅವಳ ಕೈ ನಡುಗಲಿಲ್ಲ. ಮೂರನೇ ಚೌಕದ ಮೇಲೆ ಪೆನ್ನು ಇಟ್ಟು ಒಂದೇ ಒಂದು ಮಾತು ಕೇಳಿದಳು.

"ನಾಳೆ ಅವನು ಬಂದುಬಿಟ್ರೆ?"

"ಬಂದ್ರೆ ಅದಕ್ಕೆ ಬೇರೆ ಫಾರಂ ಇದೆ ಅಮ್ಮ," ಎಂದಳು ಕೌಂಟರಿನವಳು, ಮೆಲ್ಲಗೆ.

ಮುದುಕಿ ಗುರುತು ಹಾಕಿ ಸಹಿ ಮಾಡಿದಳು. ಅಷ್ಟಕ್ಕೇ ಮುಗಿಯಲಿಲ್ಲ, ಪಕ್ಕದಲ್ಲಿ ತೀರಿಕೊಂಡ ದಿನಾಂಕ ಬೇಕಿತ್ತು. ಸೇತುವೆ ದಾಟಿದ ದಿನವನ್ನು ಹೇಳಲು ಸೊಸೆ ಬಾಯಿ ತೆರೆದಳು. ಅತ್ತೆ ಅವಳ ಕೈ ಅದುಮಿದಳು.

"ಇವತ್ತಿಂದೇ ಹಾಕಿ. ಇವತ್ತಿನವರೆಗೂ ಇದ್ದ."

ಕೌಂಟರಿನವಳು ತಲೆಯೆತ್ತದೆ ಹಾಗೆಯೇ ಬರೆದುಕೊಂಡಳು.

ಭತ್ಯೆ ಮತ್ತೆ ಬಂತು. ಬಾಡಿಗೆಯ ಪಾಲೂ ಬಂತು. ಚಳಿಗಾಲ ಶುರುವಾಯಿತು, ಮಗು ತನ್ನ ಮಂಚದಲ್ಲೇ ಬೆಚ್ಚಗೆ ಮಲಗಿತು. ಬಾಲ್ಕನಿಯ ಹಗ್ಗ ಮಾತ್ರ ಖಾಲಿ. ಸುಬೇದಾರಮ್ಮನ ಗದರಿಕೆ ನಿಂತುಹೋಯಿತು, ಬೈಸಿಕೊಳ್ಳದೆ ಸೊಸೆಗೆ ಅನ್ನವೇ ಇಳಿಯದಂತಾಯಿತು. ಅಂಗಿ ಎಲ್ಲಿ ಎಂದು ಒಮ್ಮೆ ಪೆಟ್ಟಿಗೆಯಲ್ಲಿ ಹುಡುಕಿದಳು, ಸಿಗಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ತಿಂಗಳು ಕಳೆದ ಮೇಲೆ ತಪಾಸಣೆಯವಳು ಮತ್ತೆ ಬಂದಳು. ಖಾಲಿ ಹಗ್ಗವನ್ನು ನೋಡಿದಳು. ಮನೆಯಲ್ಲಿ ಗಂಡಸರು ಎಂದು ಶುರು ಮಾಡಿ ತಾನೇ ನಿಲ್ಲಿಸಿದಳು. "ಯಾರೂ ಇಲ್ಲ," ಎಂದಳು ಮುದುಕಿ, ದಪ್ಪ ಸ್ವೆಟರಿನೊಳಗೆ ಮುದುಡಿಕೊಂಡು. ಹಲ್ಲು ಕಟಕಟಿಸುತ್ತಿತ್ತು.

ಬಾಗಿಲು ಹಾಕಿ ಬಂದ ಸೊಸೆ, ಜ್ವರವೇನೋ ಎಂದು ಅತ್ತೆಯ ಕುತ್ತಿಗೆ ಮುಟ್ಟಿದಳು. ಕೈಗೆ ನೀರು ಹತ್ತಿತು. ಸ್ವೆಟರಿನ ಮೇಲಿನ ಗುಂಡಿ ಬಿಚ್ಚಿದಳು. ಒಳಗೆ, ಆ ಬಡಕಲು ಮೈಗೆ ಅಂಟಿಕೊಂಡು, ನೀಲಿ ಚೌಕುಳಿಯ ಒದ್ದೆ ಅಂಗಿ.

"ಒಣಗೋಕೆ ಬಿಡಬೇಡ ಅಂದಿದ್ದ ಕಣೇ..." ಎಂದಳು ಅತ್ತೆ. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ದನಿ ಅದು. "ಹೊರಗೆ ಹಾಕಿದ್ರೆ ಅವರು ನೋಡ್ತಾರೆ. ಮೈಮೇಲಿದ್ರೆ ಯಾರಿಗೆ ಗೊತ್ತಾಗುತ್ತೆ?"

ಸೊಸೆ ಒಳಗೆ ಹೋಗಿ ಟವೆಲು ತಂದಳು. ಅತ್ತೆಯ ಮೈಯಿಂದ ಅಂಗಿ ಬಿಡಿಸಿ, ಬೆನ್ನು ಎದೆ ಒರೆಸಿ, ಒಣಗಿದ ಬಟ್ಟೆ ಹಾಕಿ, ಕಂಬಳಿ ಹೊದಿಸಿ ಕೂರಿಸಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಆ ಒದ್ದೆ ಅಂಗಿಯನ್ನು ತಾನು ತೊಟ್ಟುಕೊಂಡಳು. ತಣ್ಣಗಿನ ಬಟ್ಟೆ ಮೈಗೆ ತಾಗಿದಾಗ ಒಮ್ಮೆ ಉಸಿರು ಹಿಡಿದು ಬಿಟ್ಟಳು. ಮೇಲೊಂದು ಸ್ವೆಟರು ಹಾಕಿ, ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಅತ್ತೆಯ ಪಕ್ಕ ಬಂದು ಕೂತಳು.

"ಇನ್ಮೇಲೆ ಒಂದಿನ ನೀವು, ಒಂದಿನ ನಾನು," ಎಂದಳು. "ಇವತ್ತು ನಂದು."