ಒಣಗಲು ಹಾಕಿದ ಸಂಜೆ

"ನನ್ನ ಸಂಜೇನೇ ಹಾಳು ಮಾಡಿದ್ರಲ್ಲ," ಎನ್ನುತ್ತ ಚಿತ್ರಗಾರ ತೈಸುಕೆ, ಮಿನೆ ಕಟ್ಟಿಕೊಟ್ಟಿದ್ದ ತನ್ನ ಚಿತ್ರದ ಸುರುಳಿಯನ್ನು ಅವಳ ಮುಂದೆಯೇ ಬಿಚ್ಚಿದ. ಬಿವಾ ಸರೋವರದ ಮೇಲಿನ ಹೊಂಬಣ್ಣ ಹಕ್ಕಳೆದ್ದು ರೇಷ್ಮೆಯಿಂದ ಉದುರುತ್ತಿತ್ತು.

ಚಿತ್ರಗಳ ಬೆನ್ನಿಗೆ ಕಾಗದ ಅಂಟಿಸಿ ಸುರುಳಿ ಕಟ್ಟುವುದು ಮಿನೆಯ ಕಸುಬು. ಗಂಡ ತೀರಿಕೊಂಡ ಮೇಲೆ ಕ್ಯೋಟೊದ ಆ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು.

"ಟೋಕಿಯೋದಲ್ಲಿ ಎಣ್ಣೆಬಣ್ಣ ಕಲಿತಿರಿ, ಸರಿ. ರೇಷ್ಮೆಗೂ ಗಾರೆ ಮೆತ್ತಿದ ಹಾಗೆ ಮೆತ್ತಿದ್ರೆ ಸುತ್ತುವಾಗ ಬಿರಿಯದೆ ಇರುತ್ತಾ?"

"ಮತ್ತೆ ಬೆಳಕು ಹೇಗೆ ಬರಬೇಕು?"

"ರೇಷ್ಮೆಯ ಹಿಂದಿನಿಂದ ಬಳೀರಿ. ಹಳಬರು ಹಾಗೇ ಮಾಡ್ತಿದ್ರು."

ತೈಸುಕೆಯ ಕಿವಿ ಕೆಂಪಾಯಿತು. "ಬೈಯೋಕೆ ಬಂದವನು ಪಾಠ ಹೇಳಿಸ್ಕೊಂಡೆ."

"ಹೇಳಿಸ್ಕೊಂಡವರು ಚಹಾ ಕುಡಿದೇ ಹೋಗ್ಬೇಕು."

ಅವನು ಹೊಸ ರೇಷ್ಮೆಯ ಮೇಲೆ ಮತ್ತೆ ಬರೆದ. ಬೆಟ್ಟದ ಇಳಿಜಾರಿನ ನೆರಳು ಪಡುವಣ ದೇಶಗಳ ಚಿತ್ರಕಲೆಯಿಂದ ಕಲಿತದ್ದು. ಏನೂ ಬರೆಯದೆ ಬಿಟ್ಟ ನೀರು ಅವನ ಅಜ್ಜನ ಕಾಲದ ರೀತಿ. ಹಿಂದಿನಿಂದ ಬಳಿದ ಹಳದಿ, ಕಂದೀಲಿನ ಕಾಗದದೊಳಗಿನ ದೀಪದಂತೆ, ಮೆಲ್ಲಗೆ ಮುಂದೆ ಮೂಡಿತು. ಮಿನೆ ಬೆನ್ನಿಗೆ ಕಾಗದ ಹಚ್ಚಿ, ಅದರ ಅಂಚುಗಳನ್ನು ಹಲಗೆಗೆ ಅಂಟಿಸಿ ಒಣಗಲು ಹಾಕಿದಳು. ಒಣಗಿದರೆ ಅದು ಟೋಕಿಯೋದ ಪ್ರದರ್ಶನಕ್ಕೆ. ಜೊತೆಗೆ ಅವನೂ ಹೊರಡುವವನು, ಅಲ್ಲೇ ನೆಲೆಸಲು.

"ಒಣಗಿತಾ?" ದಿನವೂ ಬಂದು ಕೇಳುವನು.

"ಎಲ್ಲಿ? ಗಾಳಿಯಲ್ಲೇ ತೇವ ಇದೆ."

ಅವನು ನಕ್ಕು ಚಹಾದ ಬಟ್ಟಲಿಗೆ ಕೈಚಾಚುವನು. ನೋಟ ಮಾತ್ರ ಹಲಗೆಗಿಂತ ಅವಳ ಅಂಟು ಮೆತ್ತಿದ ಬೆರಳುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದು.

ಚಿತ್ರ ಕಳಿಸುವ ದಿನ ಹತ್ತಿರವಾಯಿತು. ಒಂದು ಬೆಳಿಗ್ಗೆ ಬುದ್ಧನ ಮುಂದೆ ದೀಪ ಹಚ್ಚಿ ಕುಳಿತ ಮಿನೆಯ ಬಾಯಿಗೆ ನಾಮಸ್ಮರಣೆಯೇ ಬರಲಿಲ್ಲ.

"ಅದು ಎಂದೋ ಒಣಗಿದೆ," ಎಂದಳು, ತೈಸುಕೆ ಹೊಸ್ತಿಲು ದಾಟುತ್ತಲೇ. "ನೀವು ಬರೋದು ನಿಲ್ಲುತ್ತೆ ಅಂತ ಸುಳ್ಳು ಹೇಳಿದೆ."

"ಗೊತ್ತಿತ್ತು. ನೀವು ಚಹಾ ತರೋಕೆ ಹೋದಾಗ ಮುಟ್ಟಿ ನೋಡಿದ್ದೆ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಮಾರನೇ ದಿನವೂ ಬರಬೇಕಿತ್ತಲ್ಲ."

ಬೀದಿಯಲ್ಲಿ ತೋಫು ಮಾರುವವನ ಕಹಳೆ ದೂರವಾಯಿತು.

"ಟೋಕಿಯೋ?" ಎಂದಳು ಮಿನೆ.

"ಚಿತ್ರ ಹೋಗಲಿ. ರೈಲಿಗೆ ಹಾಕಿದ್ರೆ ತಾನೇ ಹೋಗುತ್ತೆ. ನೀವು ಒಪ್ಪಿದ್ರೆ ನಾನು ಇಲ್ಲೇ ಇರ್ತೀನಿ."

ಮಿನೆ ಒಳಗೆ ಹೋದಳು. ತೀರಿಕೊಂಡ ಗಂಡನ ಹೆಸರು ಬರೆದು ಪೂಜೆಗಿಟ್ಟಿದ್ದ ಫಲಕದ ಮುಂದೆ ಕುಳಿತು, ಎಂದಿನಂತೆ ಮೆಲುದನಿಯಲ್ಲಿ ಅವನಿಗೆ ಎಲ್ಲವನ್ನೂ ಹೇಳಿದಳು. ಕಣ್ಣೊರೆಸಿಕೊಂಡು ಬಂದು, ಚಿತ್ರವನ್ನು ಹಲಗೆಯಿಂದ ಬಿಡಿಸಲು ತೆಳುವಾದ ಬಿದಿರಿನ ಅಲಗನ್ನು ಕಾಗದದ ಅಂಚಿಗಿಟ್ಟಳು.

"ಆ ತುದಿ ಹಿಡ್ಕೊಳ್ಳಿ."

"ಇಷ್ಟು ದಿನ ಹೇಗೆ ಬಿಡಿಸ್ತಿದ್ರಿ?"

"ಒಬ್ಬಳೇ," ಎಂದಳು ಮಿನೆ. "ಹಿಡ್ಕೊಳ್ಳಿ."